ಗೆಳೆಯನಿಗೊಂದು ಪತ್ರ: ನಿನ್ನ ಪ್ಲಾಟಿನ ಜಾಲಿಕಂಟಿ, ನಮ್ಮೆಲ್ಲರ ಗಟಾರ

ಪ್ರೀತಿಯ ದೋಸ್ತ,

ಹೋದ ಸಲ ಫೋನಿನಲ್ಲಿ ಕೇಳಿದ್ದೆಯಲ್ಲ, "ಸಂಘ, ಮೀಟಿಂಗು ಅಂತ ಓಡ್ಯಾಡ್ತಿ, ಅದರಿಂದ ಏನರೆ ಆಗ್ತೈತೇನಲೇ?" ಅಂತ. ಆಗ್ತೈತಿ ಅಂತ ಒಂದೇ ಮಾತು ಹೇಳಿ ಫೋನು ಇಟ್ಟೆ. ಹೇಗೆ ಅನ್ನುವುದನ್ನು ಈಗ ಬರೆಯುತ್ತಿದ್ದೇನೆ. ನಿನ್ನ ಹಾಗೆ, ಬಾಗಲಕೋಟೆಯ ಮುಳುಗಡೆಯವರಿಗೆಂದು ಕಟ್ಟಿದ ಈ ನವನಗರದಲ್ಲಿ ಪ್ಲಾಟು ಬಿಟ್ಟು ಪುಣೆ, ಬೆಂಗಳೂರು ಸೇರಿದವರು ಬಹಳ ಮಂದಿ ಇದ್ದಾರೆ. ಅವರೂ ಓದಲಿ ಅಂತ ಎಲ್ಲರಿಗೂ ಕಾಣುವಂತೆ ಹಾಕಿದ್ದೇನೆ, ಸಿಟ್ಟಾಗಬೇಡ.

ಗಟಾರದಿಂದಲೇ ಶುರು ಮಾಡುತ್ತೇನೆ. ನಮ್ಮ ಕಡೆ ಜೋರು ಮಳೆ ಅಂದರೆ ಉತ್ತರಿ, ಹಸ್ತ ಹುಟ್ಟಿದ ಮೇಲೆಯೇ. ಆವಾಗ ಮೇಲಿನ ಸೆಕ್ಟರಿನ ನೀರು ನಮ್ಮ ಸೆಕ್ಟರ್ ದಾಟಿ ಕೆಳಗಿನವರ ಕಡೆ ಇಳಿಯುತ್ತದೆ. ಅಲ್ಲಿ ರಸ್ತೆಯ ಅಂಚಿನ ಮನೆಗಳಿಗೆ ಪ್ರತಿ ವರ್ಷ ನೀರು ನುಗ್ಗುವುದು, ಅವರು ಅರ್ಜಿ ಹಿಡಿದು ಕಚೇರಿಗೆ ಹೋಗುವುದು, ಯಾರೋ ಬಂದು ಅವರ ಮನೆಯ ಮುಂದಿನಷ್ಟೇ ಗಟಾರ ಬಳಿದು ಹೋಗುವುದು. ನಮ್ಮ ಸೆಕ್ಟರಿನ ನಿವಾಸಿಗಳ ಸಂಘ ಒಡೆದ ಗಟಾರದ ಹಾಸುಗಲ್ಲಿಗೆ ಬೇರೆ ಅರ್ಜಿ ಕೊಟ್ಟಿತ್ತು. ಮೇಲಿನವರು ರಸ್ತೆಗೆ ಇನ್ನೊಂದು. ಮೂರೂ ಅರ್ಜಿ ಬೇರೆ ಬೇರೆ ಮೇಜಿನ ಮೇಲೆ ಕುಳಿತಿದ್ದವು. ಯಾವ ಅರ್ಜಿ ನೋಡಿದರೂ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಅನ್ನುವುದೇ ತಿಳಿಯುತ್ತಿರಲಿಲ್ಲ.

ನಮ್ಮಲ್ಲೊಬ್ಬರು ಕಾಕಾ ಇದ್ದಾರೆ, ನೀರಾವರಿ ಕೆಲಸ ಮಾಡಿ ನಿವೃತ್ತರಾದವರು. "ಅರ್ಜಿ ಆಮ್ಯಾಲ ಬರೀರಿ. ಮೊದಲ ಎಲ್ಲಾರೂ ಕೂಡಿ ನೀರಿನ ಹಿಂದ ನಡೀರಿ" ಅಂದರು. ಒಂದು ಭಾನುವಾರ ಬೆಳಿಗ್ಗೆ ಮೂರೂ ಸೆಕ್ಟರಿನವರು ಮೇಲಿನಿಂದ ಕೆಳಗಿನವರೆಗೆ ಗಟಾರದ ಗುಂಟ ನಡೆದೆವು. ಮೇಲೆ ಮನೆ ಕಟ್ಟಿಸುತ್ತಿದ್ದವರ ಕಲ್ಲು, ಉಸುಕು, ಒಡೆದ ಇಟ್ಟಂಗಿ ಅರ್ಧ ಗಟಾರ ತುಂಬಿತ್ತು. ನಮ್ಮ ಸೆಕ್ಟರಿನಲ್ಲಿ ಖಾಲಿ ಪ್ಲಾಟುಗಳ ಜಾಲಿ ಬೇರು ಬಿಟ್ಟು ಗಟಾರದ ಗೋಡೆಯನ್ನೇ ಸೀಳಿತ್ತು. ಅದರ ಕೆಳಗಿನ ಮೋರಿಯ ಬಾಯಿಗೆ ಪ್ಲಾಸ್ಟಿಕ್ಕು, ಹಳೆಯ ಗಾದಿ, ಪೂಜೆಯ ಹೂವು ಎಲ್ಲ ಸಿಕ್ಕಿಕೊಂಡಿದ್ದವು. ಇಷ್ಟು ವರ್ಷ ಕೆಳಗಿನವರನ್ನು "ತಗ್ಗಿನಾಗ ಮನಿ ಕಟ್ಟಿದ್ರ ಇನ್ನೇನಾಗ್ತೈತಿ" ಅನ್ನುತ್ತಿದ್ದ ಮೇಲಿನ ಹಿರಿಯರೊಬ್ಬರು ಆ ಮೋರಿಯ ಹತ್ತಿರ ನಿಂತು, "ಇದು ನಮ್ಮದ ಕಸ ಐತ್ರಿ" ಅಂದರು. ಅವತ್ತಿನ ಕೆಲಸದಲ್ಲಿ ಅದೇ ದೊಡ್ಡದು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಆಮೇಲೆ ಬರೆದದ್ದು ಒಂದೇ ಅರ್ಜಿ. ಮೂರು ಸಂಘಗಳ ಸಿಕ್ಕಾ, ಮೇಲಿನಿಂದ ಕೆಳಕ್ಕೆ ಅನುಕ್ರಮವಾಗಿ ಫೋಟೋ, ಕಾಕಾ ಕೈಯಿಂದ ಬರೆದ ನಕ್ಷೆ. ಮೊದಲ ಕಚೇರಿಯಲ್ಲಿ "ಇದು ನಮಗ ಬರೂದಿಲ್ಲ" ಅಂದರು. ಹಿಂದೆ ಆಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಈ ಸಲ ಅದೇ ಅರ್ಜಿಯ ಪ್ರತಿಯನ್ನು ಆ ಕಚೇರಿಗೂ ಇನ್ನೊಂದು ಕಚೇರಿಗೂ ಟಪಾಲಿಗೆ ಕೊಟ್ಟು ಸ್ವೀಕೃತಿ ಹಾಕಿಸಿಕೊಂಡೆವು. ಯಾರ ಸರಹದ್ದು ಎಲ್ಲಿಗೆ ಮುಗಿಯುತ್ತದೆ ಅಂತ ಅವರೇ ಲಿಖಿತವಾಗಿ ಹೇಳಬೇಕು ಅಂತ ಕೊನೆಯ ಸಾಲಿನಲ್ಲಿ ಕೇಳಿದೆವು. ಅದು ಕೆಲಸ ಮಾಡಿತು. ಇಬ್ಬರು ಇಂಜಿನಿಯರು ಬಂದು ನಮ್ಮ ಜೊತೆ ನಡೆದರು, ಮಳೆಗೆ ಮುಂಚೆ ಗಟಾರ ಪೂರ್ತಿ ಉದ್ದಕ್ಕೆ ಹೂಳು ತೆಗೆಸಿದರು. ಮೋರಿ ಅಗಲ ಮಾಡುವುದು ಇನ್ನೂ ಬಾಕಿ ಇದೆ, ಅದರ ಬೆನ್ನು ಬಿಟ್ಟಿಲ್ಲ.

ನಮ್ಮಂಥ ಊರಿಗೆ ಇದು ಯಾಕೆ ಇಷ್ಟು ಬೇಕು ಗೊತ್ತೇನು? ಸಂವಿಧಾನದ 243ಎಸ್ ವಿಧಿ ವಾರ್ಡ್ ಸಮಿತಿ ಕಡ್ಡಾಯ ಮಾಡಿದ್ದು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಪಟ್ಟಣಗಳಿಗೆ. ಬಾಗಲಕೋಟೆ ಅಷ್ಟು ದೊಡ್ಡದಲ್ಲ. ಹಾಗಾಗಿ ಓಣಿಯ ಮಾತು ಒಂದೇ ದನಿಯಾಗಿ ಕಚೇರಿ ಮುಟ್ಟಬೇಕಾದರೆ ನಾವೇ ಕೂಡಬೇಕು. ಸಂಘ ಕಟ್ಟುವುದು ಕಷ್ಟವೇನಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಗೆ ಏಳು ಜನ ಸದಸ್ಯರಿದ್ದರೆ ಸಾಕು. ಕಷ್ಟ ಇರುವುದು ಪಕ್ಕದ ಸಂಘದವರ ಜೊತೆ ಕೂಡ್ರುವುದರಲ್ಲಿ.

ನಾಯಿಗಳ ವಿಷಯದಲ್ಲಿ ಇದು ಇನ್ನೂ ಸ್ಪಷ್ಟವಾಯಿತು. ನಮ್ಮ ಸೆಕ್ಟರಿನ ನಾಯಿಗಳಿಗೆ ಮಾತ್ರ ರೇಬಿಸ್ ಲಸಿಕೆ ಹಾಕಿಸೋಣ ಅಂತ ಹೊರಟಿದ್ದೆವು. ಪಶು ವೈದ್ಯರು ತಡೆದರು. ಒಂದು ಪ್ರದೇಶದ ನೂರರಲ್ಲಿ 70 ನಾಯಿಗಳಿಗಾದರೂ ಲಸಿಕೆ ಬಿದ್ದರೆ ರೋಗ ಹರಡುವ ಸರಪಳಿ ಕಡಿಯುತ್ತದೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ನಾಯಿಗೆ ಸೆಕ್ಟರಿನ ನಂಬರು ಏನು ಗೊತ್ತು? ರಸ್ತೆಯ ಆಚೆಯವರು ಹಾಕಿಸದಿದ್ದರೆ ನಮ್ಮ ದುಡ್ಡು, ದುಡಿಮೆ ಎರಡೂ ಅರ್ಧಕ್ಕೆ ಅರ್ಧ ಹಾಳು. ರೇಬಿಸ್ ಲಕ್ಷಣ ಒಮ್ಮೆ ಕಾಣಿಸಿತು ಅಂದರೆ ಮನುಷ್ಯ ಉಳಿಯುವುದು ಬಹುತೇಕ ಇಲ್ಲವೇ ಇಲ್ಲ, ಇದರಲ್ಲಿ ಆಟ ಸಲ್ಲದು. ಅಕ್ಕಪಕ್ಕದ ಸೆಕ್ಟರುಗಳನ್ನು ಕೇಳಿ ಒಂದೇ ವಾರದಲ್ಲಿ ಎಲ್ಲರೂ ಹಾಕಿಸಿದೆವು. ದಿನಾ ನಾಯಿಗಳಿಗೆ ರೊಟ್ಟಿ ಹಾಕುವ ಅಕ್ಕಾರು ಒಬ್ಬರಿದ್ದಾರೆ, ಅವರ ಜೊತೆ ಓಣಿಯವರ ಜಗಳ ಹಳೆಯದು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮದಂತೆ ಮಕ್ಕಳು ಆಡದ ಜಾಗದಲ್ಲಿ ಊಟ ಹಾಕುವ ಸ್ಥಳ ಗೊತ್ತು ಮಾಡುವ ಜವಾಬ್ದಾರಿ ನಿವಾಸಿಗಳ ಸಂಘದ್ದೇ. ಅದನ್ನು ಓದಿ ಹೇಳಿದ ಮೇಲೆ ಜಾಗ ಗೊತ್ತಾಯಿತು. ಯಾವ ನಾಯಿಗೆ ಲಸಿಕೆ ಆಗಿಲ್ಲ ಅಂತ ಗುರುತಿಸಿ ಹಿಡಿದುಕೊಟ್ಟವರು ಅದೇ ಅಕ್ಕಾರು.

ಇಷ್ಟಾದ ಮೇಲೆ ಕೆಲವರು ಹುರುಪಿನಿಂದ "ಎಲ್ಲಾ ಸಂಘ ಮುಚ್ಚಿ ಒಂದ ದೊಡ್ಡ ಸಂಘ ಮಾಡೋಣ್ರಿ" ಅಂದರು. ನಾನು ಬೇಡ ಅಂದೆ. ದೊಡ್ಡ ಸಂಘ ಆದ ಕೂಡಲೇ ಅಧ್ಯಕ್ಷರು ಯಾರು ಅನ್ನುವ ಮಾತು ಮುಂದೆ ಬಂದು, ಯಾರ ಮನೆಯ ಮುಂದೆ ನೀರು ನಿಂತಿದೆ ಅನ್ನುವುದು ಹಿಂದೆ ಸರಿಯುತ್ತದೆ. ಸಂಘಗಳು ಸಣ್ಣವೇ ಇರಲಿ. ವಂತಿಗೆ ಪಟ್ಟಿ ಎತ್ತುವುದು, ಲೆಕ್ಕ ಇಡುವುದು ಅವರವರದು. ಒಂದು ತೊಂದರೆ ಯಾವ ಯಾವ ಸೆಕ್ಟರ್ ದಾಟುತ್ತದೋ ಅಷ್ಟೂ ಕಡೆಯವರು ಒಂದೇ ಜಮಖಾನೆಯ ಮೇಲೆ ಕೂಡ್ರಬೇಕು, ಇಷ್ಟೇ ನನ್ನ ಹಟ. ಸಭೆ ಒಮ್ಮೆ ನಮ್ಮಲ್ಲಿ, ಒಮ್ಮೆ ಮೇಲೆ, ಒಮ್ಮೆ ಕೆಳಗೆ.

ಈ ಸರದಿ ನಾವು ಹೊಸದಾಗಿ ಕಂಡುಹಿಡಿದದ್ದಲ್ಲ, ನಿನಗೂ ಗೊತ್ತಿದೆ. ಹಳೇ ಬಾಗಲಕೋಟೆಯ ಕಿಲ್ಲಾ, ಹೊಸಪೇಟೆ, ಹಳಪೇಟೆ, ಜೈನಪೇಟೆ, ವೆಂಕಟಪೇಟೆ ಹೋಳಿಯಲ್ಲಿ ಹಾಗೇ ನಡೆಯುತ್ತವೆ. ಬಂಡಿಯ ಮೇಲೆ ಬಣ್ಣದ ಬ್ಯಾರಲ್ ಹೇರಿಕೊಂಡು ಯಾವ ಓಣಿಯವರು ಯಾವ ದಿನ ಹೊರಡಬೇಕು ಅನ್ನುವ ಸರದಿ ಹಿರಿಯರ ಕಾಲದಿಂದ ಬಂದದ್ದು. ಓಣಿಗಳ ನಡುವೆ ಎಷ್ಟು ಜಿದ್ದು ಇದ್ದರೂ ಹಲಗಿ ಬಾರಿಸುವವರು ಸರದಿ ತಪ್ಪಿಸುವುದಿಲ್ಲ. ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟಿನಲ್ಲಿ 519.6 ಮೀಟರ್‌ವರೆಗೆ ನೀರು ನಿಲ್ಲಿಸುವುದು ಅಂತಾಗಿ ಊರಿನ ಒಂದು ಭಾಗ ಮುಳುಗಡೆಯಾದಾಗ ನಮಗೆ ಪ್ಲಾಟಿನ ನಂಬರು ಸಿಕ್ಕಿತು, ಓಣಿ ಸಿಗಲಿಲ್ಲ. ಗೋಡೆಗೆ ಗೋಡೆ ಹಚ್ಚಿ ಬಾಳಿದವರು ಬೇರೆ ಬೇರೆ ಸೆಕ್ಟರಿಗೆ ಹೋದರು. ಪಕ್ಕದ ಮನೆಯವರ ಹೆಸರು ಗೊತ್ತಾಗಲಿಕ್ಕೇ ನನ್ನ ಅವ್ವನಿಗೆ ಬಹಳ ದಿನ ಹಿಡಿಯಿತು. ಇನ್ನೊಬ್ಬರ ಕಟ್ಟೆಯ ಮೇಲೆ ಕೂತು ಜಗಳ ಮಾಡಿ ಅಲ್ಲೇ ಚಹಾ ಕುಡಿದು ಏಳುವ ರೂಢಿ ಆಗ ತಪ್ಪಿಹೋಯಿತು. ಸಂಘಗಳ ಕೂಟದಲ್ಲಿ ನನಗೆ ಅದೇ ಮರಳಿ ಸಿಗುತ್ತಿದೆ, ಅದಕ್ಕೇ ಇಷ್ಟು ಓಡಾಡುತ್ತೇನೆ.

ಮುಂದೆಯೂ ಜನ ಬರುವವರಿದ್ದಾರೆ. ಬ್ರಿಜೇಶ್‌ ಕುಮಾರ್ ಅವರ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿ ಅದೇ ಅಣೆಕಟ್ಟಿನಲ್ಲಿ 524.256 ಮೀಟರ್‌ವರೆಗೆ ನೀರು ನಿಲ್ಲಿಸಲು ಒಪ್ಪಿದೆ. ಆ ಎತ್ತರಕ್ಕೆ ನೀರು ಬಂದರೆ ಇನ್ನಷ್ಟು ಮನೆಗಳು ಜಾಗ ಬಿಡಬೇಕು. ಹಾಗೆ ಬಂದವರಿಗೆ ಕಸದ ಗಾಡಿ ಯಾವಾಗ ಬರುತ್ತದೆ, ನಲ್ಲಿ ನೀರಿಗೆ ಯಾರನ್ನು ಕೇಳಬೇಕು ಅಂತ ಹೇಳಲು ಮೊದಲ ದಿನವೇ ಯಾರಾದರೂ ಬಾಗಿಲಿಗೆ ಹೋಗಬೇಕು. ನಮ್ಮ ಕಾಲಕ್ಕೆ ಯಾರೂ ಬಂದಿರಲಿಲ್ಲ.

ಈಗ ನಿನ್ನ ಕೆಲಸ. ಗಟಾರದ ಗೋಡೆ ಸೀಳಿದ ಜಾಲಿಯಲ್ಲಿ ನಿನ್ನ ಪ್ಲಾಟಿನದೂ ಇದೆ. ಮಾಲೀಕರ ಒಪ್ಪಿಗೆ ಇಲ್ಲದೆ ನಾವು ಒಳಗೆ ಕಾಲಿಡುವುದಿಲ್ಲ. ಹಕ್ಕುಪತ್ರದ ಪ್ರತಿಯ ಜೊತೆ "ಕಂಟಿ ಕಡಿಸಿ ಬೇರು ತೆಗೆಸಲು ಒಪ್ಪಿಗೆ ಇದೆ" ಅಂತ ನಾಲ್ಕು ಸಾಲು ಬರೆದು, ಸಹಿ ಹಾಕಿ, ಸಂಘದ ಕಾರ್ಯದರ್ಶಿಗೆ ಕಳಿಸು. ಮೇಲಷ್ಟೇ ಕಡಿದರೆ ಮತ್ತೆ ಚಿಗುರುತ್ತದೆ, ಜೆಸಿಬಿಯಿಂದಲೇ ಬೇರು ಕೀಳಿಸಬೇಕು. ಉಳಿದ ಖಾಲಿ ಪ್ಲಾಟಿನವರೂ ಒಪ್ಪಿದರೆ ಒಂದೇ ದಿನ ಎಲ್ಲ ಮುಗಿಸಿ ಬಾಡಿಗೆ ಹಂಚಿಕೊಳ್ಳಬಹುದು. ಅವರಲ್ಲಿ ಇಬ್ಬರು ಈಗ ನೀನಿರುವ ಊರಿನಲ್ಲೇ ಇದ್ದಾರೆ, ಫೋನು ನೀನೇ ಮಾಡು, ನಿನ್ನ ಮಾತು ಕೇಳುತ್ತಾರೆ. ಉತ್ತರಿ ಮಳೆ ಹುಟ್ಟುವುದರೊಳಗೆ ಆಗಬೇಕು.

ನಿನ್ನ ಗೆಳೆಯ,
ನವನಗರ, ಬಾಗಲಕೋಟೆ