ಗೆಳೆಯನಿಗೊಂದು ಪತ್ರ: ಮೊದಲು ಎಫ್ 9ರ ಜಾಗ ಬದಲಿಸು

ಪ್ರೀತಿಯ ಮಂಜು,

ನೀನು ಕಳಿಸಿದ ಸ್ಕ್ರೀನ್ ರೆಕಾರ್ಡಿಂಗ್ ಎರಡು ಸಲ ನೋಡಿದೆ. ಅಕ್ಷರ, ಚಿತ್ರಗಳಿಗೆ ಚಲನೆ ಕೊಡುವ ಆಫ್ಟರ್ ಎಫೆಕ್ಟ್ಸ್ ತಂತ್ರಾಂಶ ಹಿಡಿದು ನಾಲ್ಕೇ ತಿಂಗಳಾಗಿದೆ, ಅಷ್ಟರಲ್ಲೇ ಮದುವೆ ಟೈಟಲ್ ಎಷ್ಟು ಚಂದ ಮೂಡಿಸಿದ್ದೀಯ ಕಣೋ! ಆದರೆ ಎರಡನೇ ಸಲ ನೋಡುವಾಗ ನನ್ನ ಕಣ್ಣೆಲ್ಲ ಮೌಸ್ ಬಾಣದ ಮೇಲಿತ್ತು. ಕೀಫ್ರೇಮಿಗೆ (ಚಲನೆ ಎಲ್ಲಿಂದ ಎಲ್ಲಿಗೆ ಅಂತ ಹಾಕುವ ಗುರುತಿಗೆ) ಈಸಿ ಈಸ್, ಅಂದರೆ ಮೆಲ್ಲಗೆ ಶುರುವಾಗಿ ಮೆಲ್ಲಗೆ ನಿಲ್ಲುವ ಗುಣ ಕೊಡೋಕೆ ಪ್ರತಿ ಸಲ ರೈಟ್ ಕ್ಲಿಕ್, ಅಲ್ಲಿಂದ ಕೀಫ್ರೇಮ್ ಅಸಿಸ್ಟೆಂಟ್, ಅದರೊಳಗಿನ ಮೆನು. ಒಂದೂವರೆ ನಿಮಿಷದಲ್ಲಿ ಹನ್ನೊಂದು ಸಲ ಹೀಗೆ ಓಡಾಡಿದ್ದೀಯ. ಸಂಜೆಯಾದರೆ ಮಣಿಕಟ್ಟು ನೋಯುತ್ತೆ ಅಂತ ಬರೆದಿದ್ದೆಯಲ್ಲ, ಅದನ್ನು ಓದಿದ ಮೇಲೆ ಈ ಓಡಾಟ ನೋಡೋಕೆ ನನಗೆ ಸಂಕಟವಾಯ್ತು.

ಈಸಿ ಈಸ್‌ಗೆ ಇರುವ ಕೀಲಿ ಎಫ್ 9, ಅದು ಕೆಲಸ ಮಾಡಲ್ಲ ಅಂದೆ ನೀನು. ನಿನ್ನ ಲ್ಯಾಪ್‌ಟಾಪಿನಲ್ಲಿ ಆ ಮೇಲಿನ ಸಾಲು ಧ್ವನಿಗೂ ಪರದೆಯ ಬೆಳಕಿಗೂ ಮೀಸಲಾಗಿದೆ. ಎಫ್‌ಎನ್ ಕೀಲಿ ಒತ್ತಿ ಹಿಡಿದರೆ ಮಾತ್ರ ಅದು ಎಫ್ 9 ಆಗುತ್ತೆ. ದಿನಕ್ಕೆ ಇನ್ನೂರು ಸಲ ಬೇಕಾಗುವ ಆಜ್ಞೆಗೆ ಹಾಗೆ ಎರಡೂ ಕೈ ಚಾಚುತ್ತಾ ಕೂರಬೇಡ. ಎಡಿಟ್ ಮೆನುವಿನಲ್ಲಿ ಕೀಬೋರ್ಡ್ ಶಾರ್ಟ್‌ಕಟ್ಸ್ ಅಂತಿದೆ ನೋಡು, ತೆರೆ. ಪೂರ್ತಿ ಕೀಲಿಮಣೆಯ ಚಿತ್ರ ಬರುತ್ತೆ. ನೇರಳೆ ಬಣ್ಣದ ಕೀಲಿಗಳು ಇಡೀ ತಂತ್ರಾಂಶಕ್ಕೆ ಸೇರಿದವು, ಹಸಿರಿನವು ನೀನು ಆರಿಸಿದ ಪ್ಯಾನೆಲ್‌ಗೆ (ತಂತ್ರಾಂಶದ ಪರದೆಯ ಒಂದು ಭಾಗಕ್ಕೆ) ಮಾತ್ರ. ಬಣ್ಣವೇ ಇಲ್ಲದ್ದು ಖಾಲಿ ಜಾಗ. ಕಂಟ್ರೋಲ್, ಆಲ್ಟ್, ಶಿಫ್ಟ್ ಒತ್ತಿ ಹಿಡಿದರೆ ಆಯಾ ಜೋಡಣೆಯಲ್ಲಿ ಯಾವುದು ಖಾಲಿ ಅನ್ನೋದೂ ಕಾಣುತ್ತೆ. ಈಸಿ ಈಸ್ ಅಂತ ಹುಡುಕಿ ನಿನ್ನ ಎಡಗೈ ಬೆರಳಿಗೆ ಹತ್ತಿರದ ಖಾಲಿ ಜೋಡಣೆ ಕೊಡು. ಕಂಟ್ರೋಲ್, ಆಲ್ಟ್, ಹೋಮ್ ಮೂರನ್ನೂ ಸೇರಿಸಿ ಒತ್ತಿ ಆಂಕರ್ ಪಾಯಿಂಟನ್ನು (ಲೇಯರ್, ಅಂದರೆ ಚಿತ್ರದ ಒಂದು ಪದರ, ಯಾವ ಬಿಂದು ಹಿಡಿದು ತಿರುಗುತ್ತೆ, ಹಿಗ್ಗುತ್ತೆ ಅನ್ನೋದನ್ನು) ಲೇಯರಿನ ನಡುವಿಗೆ ತರುವ ಆಜ್ಞೆ ಇದೆಯಲ್ಲ, ಹೋಮ್ ಕೀಲಿಯೇ ಸರಿಯಾಗಿ ಇಲ್ಲದ ನಿನ್ನ ಮೆಷಿನ್ನಿನಲ್ಲಿ ಎರಡನೆಯದಾಗಿ ಬದಲಿಸಬೇಕಾದದ್ದು ಅದು.

ಕೀಲಿಮಣೆಯ ಈ ಚಿತ್ರ ಬಂದದ್ದು 2017ರಲ್ಲಿ, ಆಫ್ಟರ್ ಎಫೆಕ್ಟ್ಸ್‌ನ ಸಿಸಿ 2018 ಆವೃತ್ತಿಯ ಜೊತೆ. ಅದಕ್ಕೆ ಮುಂಚೆ ನಾವು ನೋಟ್‌ಪ್ಯಾಡಿನಲ್ಲಿ ಒಂದು ಟೆಕ್ಸ್ಟ್ ಫೈಲ್ ತೆರೆದು ಸಾಲು ಹುಡುಕಿ ತಿದ್ದುತ್ತಿದ್ದೆವು. ಒಂದು ಉದ್ಧರಣ ಚಿಹ್ನೆ ಬಿಟ್ಟುಹೋದರೂ ಆ ಸಾಲು ಹೋಯ್ತು. ಈಗಲೂ ಒಳಗಿರುವುದು ಆ ಟೆಕ್ಸ್ಟ್ ಫೈಲೇ.

ಇಷ್ಟು ಓದಿ ಎಲ್ಲ ಕೀಲಿಯನ್ನೂ ಬದಲಿಸೋಕೆ ಹೊರಡಬೇಡ. ಲೇಯರಿನ ಗುಣಗಳನ್ನು ತೆರೆಯುವ ಕೀಲಿಗಳಿವೆಯಲ್ಲ: ಜಾಗ ಹೇಳುವ ಪೊಸಿಷನ್‌ಗೆ ಪಿ, ಅಳತೆಯ ಸ್ಕೇಲ್‌ಗೆ ಎಸ್, ತಿರುಗಿಸುವ ರೊಟೇಷನ್‌ಗೆ ಆರ್, ಎಷ್ಟು ಪಾರದರ್ಶಕ ಅನ್ನೋ ಒಪಾಸಿಟಿಗೆ ಟಿ, ಆಂಕರ್ ಪಾಯಿಂಟ್‌ಗೆ ಎ. ಈ ಐದನ್ನು ಮುಟ್ಟಲೇಬೇಡ. ಯು ಒತ್ತಿದರೆ ಕೀಫ್ರೇಮ್ ಇರುವ ಗುಣಗಳಷ್ಟೇ ತೆರೆದುಕೊಳ್ಳುತ್ತವೆ, ಬೇಗ ಬೇಗ ಎರಡು ಸಲ ಒತ್ತಿದರೆ ಮೂಲ ಮೌಲ್ಯದಿಂದ ಬದಲಾದ ಗುಣಗಳೆಲ್ಲ. ಬೇರೆಯವರು ಮಾಡಿದ ಪ್ರಾಜೆಕ್ಟ್ ಕೈಗೆ ಬಂದಾಗ ನಾನು ಮೊದಲು ಒತ್ತುವುದು ಅದನ್ನೇ. ಜೆ ಮತ್ತು ಕೆ ಹಿಂದಿನ, ಮುಂದಿನ ಕೀಫ್ರೇಮಿಗೆ ಒಯ್ಯುತ್ತವೆ. ಇವೆಲ್ಲ ಯಾವ ಸ್ಟುಡಿಯೋದಲ್ಲಿ ಕೂತರೂ ಹೀಗೇ ಇರುತ್ತವೆ, ನಾಳೆ ನೀನು ಎಲ್ಲಿಗೆ ಕೆಲಸಕ್ಕೆ ಹೋದರೂ ಬೆರಳಿಗೆ ಗೊತ್ತಿರಬೇಕು.

ಯಾಕೆ ಇಷ್ಟು ಒತ್ತಿ ಹೇಳ್ತೀನಿ ಗೊತ್ತಾ? 2023ರ ಮೇ 13, ವಿಧಾನಸಭೆ ಮತ ಎಣಿಕೆ. ಅದರ ಹಿಂದಿನ ವಾರ 224 ಕ್ಷೇತ್ರಗಳ ಹೆಸರಿನ ಪಟ್ಟಿಗಳನ್ನು (ಪರದೆಯ ಮೇಲೆ ಹೆಸರು ಹೊತ್ತು ಬಿಚ್ಚಿಕೊಳ್ಳುವ ಪಟ್ಟಿಗಳನ್ನು) ತಯಾರು ಮಾಡುತ್ತಿದ್ದೆವು. ಒಂದೇ ಮೆಷಿನ್, ಮೂರು ಪಾಳಿ. ನಾನು ಹಗಲಿನಲ್ಲಿ ಕಂಟ್ರೋಲ್ ಶಿಫ್ಟ್ ಡಿ ಕೀಲಿಯನ್ನು ಆಂಕರ್ ಪಾಯಿಂಟ್ ನಡುವಿಗೆ ತರಲು ಇಟ್ಟುಕೊಂಡೆ. ಅದು ಮೂಲದಲ್ಲಿ ಲೇಯರನ್ನು ಎರಡಾಗಿ ಕತ್ತರಿಸುವ ಕೀಲಿ. ಬದಲಿಸುವಾಗ ಕೆಳಗೆ ಎಚ್ಚರಿಕೆ ಬಂದಿತ್ತು, ನಾನೇ ಒಪ್ಪಿದ್ದೆ. ರಾತ್ರಿ ಪಾಳಿಗೆ ಬಂದ ಹುಡುಗಿ ಕತ್ತರಿಸಲೆಂದು ಅದನ್ನೇ ಒತ್ತಿದ್ದಾಳೆ. ಲೇಯರ್ ಕತ್ತರಿಸಲಿಲ್ಲವಲ್ಲ ಅಂತ ಮೆನುವಿಗೆ ಹೋಗಿ ಕತ್ತರಿಸಿ ಕೆಲಸ ಮುಂದುವರಿಸಿದ್ದಾಳೆ. ಆಂಕರ್ ಸರಿದಾಗ ಪೊಸಿಷನ್ನೂ ಅಷ್ಟೇ ಹೊಂದಿಕೊಳ್ಳುವುದರಿಂದ ಆ ಫ್ರೇಮಿನಲ್ಲಿ ಚಿತ್ರ ಅಲುಗುವುದೇ ಇಲ್ಲ. ಪಟ್ಟಿ ಎಡತುದಿಯಿಂದ ಬಿಚ್ಚಿಕೊಳ್ಳಬೇಕಾದದ್ದು ನಡುವಿನಿಂದ ಹಿಗ್ಗುತ್ತಿದೆ ಅನ್ನೋದು ಬೆಳಿಗ್ಗೆ ರೆಂಡರ್, ಅಂದರೆ ಸಿದ್ಧವಾಗಿ ಬಂದ ವಿಡಿಯೊ ನೋಡಿದಾಗಲೇ ಗೊತ್ತಾಗಿದ್ದು. 28 ಪಟ್ಟಿಗಳನ್ನು ಮತ್ತೆ ಮಾಡಿದೆವು. ತಪ್ಪು ನನ್ನದು ಅಂತ ಎಲ್ಲರೆದುರು ಹೇಳಿದೆ, ಆದರೂ ಆ ರಾತ್ರಿಯ ಅವಳ ನಿದ್ದೆಯನ್ನು ವಾಪಸು ಕೊಡೋಕೆ ಆಗಲಿಲ್ಲ. ಅಂದಿನಿಂದ ಹಂಚಿಕೊಳ್ಳುವ ಮೆಷಿನ್ನಿನಲ್ಲಿ ಮೂಲ ಕೀಲಿಗಳನ್ನು ನಾನು ಮುಟ್ಟಿಲ್ಲ. ನನ್ನದನ್ನು ಬೇರೆ ಹೆಸರಿನಲ್ಲಿ ಉಳಿಸಿ, ಪಾಳಿ ಮುಗಿದಾಗ ಕೀಲಿಮಣೆ ಚಿತ್ರದ ಮೇಲಿರುವ ಆಯ್ಕೆಗಳಲ್ಲಿ ಡಿಫಾಲ್ಟ್, ಅಂದರೆ ಮೂಲ ಕೀಲಿಗಳನ್ನು ಆರಿಸಿ ಏಳುತ್ತೇನೆ.

ಆ ವಾರ ಇನ್ನೊಂದನ್ನೂ ಕಲಿತೆ, ಕನ್ನಡದಲ್ಲಿ ಟೈಟಲ್ ಮಾಡುವ ನಿನಗೆ ಇದು ಬೇಕು. ಅಕ್ಷರದ ಲೇಯರಿಗೆ ಆಂಕರ್ ನಡುವಿಗೆ ತರುವ ಕೀಲಿಯನ್ನು ಸುಮ್ಮನೆ ಒತ್ತಬೇಡ. ‘ಗದಗ’ ಅನ್ನೋ ಪದಕ್ಕೆ ಕೆಳಗೆ ಇಳಿಯುವುದು ಏನೂ ಇಲ್ಲ. ‘ಚಿಕ್ಕಬಳ್ಳಾಪುರ’ಕ್ಕೆ ಎರಡು ಒತ್ತಕ್ಷರ ಕೆಳಗೆ ಇಳಿದಿವೆ. ತಂತ್ರಾಂಶ ಒತ್ತನ್ನೂ ಸೇರಿಸಿ ಎತ್ತರ ಅಳೆದು ನಡುವನ್ನು ಹುಡುಕುತ್ತೆ. ಆ ನಡುವನ್ನೇ ಹಿಡಿದು ಎಲ್ಲ ಹೆಸರನ್ನೂ ಒಂದೇ ಪೊಸಿಷನ್ನಿನಲ್ಲಿಟ್ಟರೆ ಒಂದು ಮೇಲೆ, ಒಂದು ಕೆಳಗೆ ಕೂರುತ್ತೆ, ಸಾಲು ಕುಣಿದಂತೆ ಕಾಣುತ್ತೆ. ಪ್ಯಾರಾಗ್ರಾಫ್ ಪ್ಯಾನೆಲಿನಲ್ಲಿ ಸೆಂಟರ್ ಕೊಟ್ಟು ಆಂಕರನ್ನು ಅಕ್ಷರ ಕೂತ ಗೆರೆಯ ಮೇಲೇ ಬಿಡು. ಲೋಗೋ, ಆಕಾರಗಳಿಗೆ ಮಾತ್ರ ಆ ಕೀಲಿ.

ಟೈಪ್ ಮಾಡಿದ ಮೇಲೆ ಪಿ ಒತ್ತಿದರೆ ಏನೂ ಆಗಲ್ಲ ಅಂತ ಕೇಳಿದ್ದೆ. ಕನ್ನಡ ಕೀಲಿಮಣೆ ಹಾಗೇ ಚಾಲೂ ಇರುತ್ತೆ, ಅದಕ್ಕೆ. ಮೊದಲು ಕಂಟ್ರೋಲ್ ಎಂಟರ್ ಒತ್ತಿ ಅಕ್ಷರದಿಂದ ಹೊರಗೆ ಬಾ, ಆಮೇಲೆ ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒತ್ತಿ ಇಂಗ್ಲಿಷಿಗೆ ಹೋಗು. ಈ ಎರಡನ್ನು ಒಟ್ಟಿಗೇ ಅಭ್ಯಾಸ ಮಾಡಿಕೊ. ಹೆಸರು ಪೂರ್ತಿ ಬೇರೆ ಕಡೆ ಟೈಪಿಸಿಟ್ಟುಕೊಂಡು ತಂದು ಅಂಟಿಸುವುದು ಇನ್ನೂ ಸುಲಭ, ನಾನು ಹಾಗೇ ಮಾಡೋದು.

ಒಂದಷ್ಟು ಕೆಲಸವನ್ನು ತಾವೇ ಮಾಡಿಬಿಡುವ ಪುಟ್ಟ ಪ್ರೋಗ್ರಾಮುಗಳಿವೆಯಲ್ಲ, ಆ ಸ್ಕ್ರಿಪ್ಟ್‌ಗಳಿಗೂ ಕೀಲಿ ಕೊಡಬಹುದು. ಆದರೆ ಆ ಕೀಲಿ ಅಂಟಿಕೊಳ್ಳುವುದು ಸ್ಕ್ರಿಪ್ಟಿನ ಹೆಸರಿಗಲ್ಲ, ಮೆನುವಿನಲ್ಲಿ ಅದು ಎಷ್ಟನೆಯದು ಅನ್ನುವುದಕ್ಕೆ. ಹೊಸದೊಂದು ಮೇಲೆ ಬಂದು ಕೂತರೆ ಎಲ್ಲ ಒಂದೊಂದು ಸ್ಥಾನ ಸರಿಯುತ್ತವೆ. ಹೆಸರಿನ ಮುಂದೆ 01, 02 ಅಂತ ಹಾಕಿಡು.

ಬದಲಿಸಿದ್ದು ಹೋಗದಂತೆ ನಕಲು ಇಟ್ಟುಕೊ. ಪ್ರಿಫರೆನ್ಸಸ್‌ನ ಜನರಲ್ ಪುಟದಲ್ಲಿ ಪ್ರಿಫರೆನ್ಸ್ ಫೋಲ್ಡರ್ ತೋರಿಸುವ ಬಟನ್ ಇದೆ, ಅದರೊಳಗಿನ ಎಇಕೆಎಸ್ (aeks) ಅನ್ನೋ ಫೋಲ್ಡರಿನಲ್ಲಿ ನಿನ್ನ ಫೈಲ್ ಇರುತ್ತೆ. ಮೇಲ್ ಮಾಡಿಕೊಂಡರೂ ಸಾಕು. ನನ್ನ ಫೈಲ್ ಕಳಿಸು ಅಂತ ಮಾತ್ರ ಕೇಳಬೇಡ. ಅದು ನನ್ನ ಕೈಗೆ, ನನ್ನ ದೊಡ್ಡ ಕೀಬೋರ್ಡಿಗೆ ಕೂತದ್ದು.

ಅದರ ಬದಲು ಒಂದು ವಾರ ಪಕ್ಕದಲ್ಲಿ ಚೀಟಿ ಇಟ್ಟುಕೊ. ಮೆನುವಿಗೆ ಹೋದಾಗಲೆಲ್ಲ ಯಾಕೆ ಹೋದೆ ಅಂತ ಒಂದು ಗೆರೆ ಎಳೆ. ಜಾಸ್ತಿ ಗೆರೆ ಬಿದ್ದ ಮೂರನ್ನು ಮಾತ್ರ ಈಗ ಬದಲಿಸೋಣ. ಮುಂದಿನ ಭಾನುವಾರ ರಾತ್ರಿ ಊಟ ಆದಮೇಲೆ ಫೋನ್ ಮಾಡ್ತೀನಿ, ಚೀಟಿ ಎದುರಿಗೆ ಇಟ್ಟುಕೊಂಡಿರು. ಮಣಿಕಟ್ಟಿನ ನೋವು ಅಷ್ಟರಲ್ಲಿ ಕಡಿಮೆಯಾಗದಿದ್ದರೆ ಸೋಮವಾರವೇ ಡಾಕ್ಟರ ಹತ್ತಿರ ಹೋಗು. ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ,
ಶಿವು