ವಿಷಯ: ಬಿಚ್ಚದೇ ಇರೋ ಗೀಸರ್‌ಗೆ ಸರ್ವಿಸ್ ಆಗಿದೆ ಅಂತ ಬರ್ಕೊಂಡಿರೋದರ ಬಗ್ಗೆ ದೂರು

ಕಸ್ಟಮರ್ ಕೇರ್ ಮ್ಯಾನೇಜರ್ ಅವರಿಗೆ,

ನಮಸ್ಕಾರ. ಕನ್ನಡಕ್ಕೆ ಎರಡು ಒತ್ತಿ ಅಂತೀರ, ಒತ್ತಿದ್ರೆ ಹಿಂದಿಲಿ ಮಾತಾಡ್ತಾರೆ, ಅದಕ್ಕೇ ಈ ಪತ್ರ. ನಿನ್ನೆ ನಿಮ್ಮಿಂದ ಮೆಸೇಜ್ ಬಂತು, ನಿಮ್ಮ ದೂರು ಬಗೆಹರಿದಿದೆ, ದಯವಿಟ್ಟು ರೇಟಿಂಗ್ ಕೊಡಿ ಅಂತ. ಯಾರು ಬಗೆಹರಿಸಿದ್ರು ಸ್ವಾಮಿ? ನಮ್ಮನೆ ಬಚ್ಚಲಿಗೆ ಬಂದು ಗೀಸರ್ ಬಿಚ್ಚಿ ರಿಪೇರಿ ಮಾಡಿದೋರಂತೂ ಯಾರೂ ಇಲ್ಲ.

ನಾನಿರೋದು ಮೈಸೂರಲ್ಲಿ, ಬೋಗಾದಿ ಆಚೆ. ಪೈಪ್ ನೀರು ಬಂದ್ರೆ ಬಂತು ಇಲ್ಲಾಂದ್ರೆ ಇಲ್ಲ, ಬೋರ್‌ವೆಲ್ ನೀರೇ ಗತಿ. ಇದನ್ನ ನಿಮ್ಮ ಷೋರೂಂನಲ್ಲಿ ದುಡ್ಡು ಕೊಡೋಕ್ ಮುಂಚೆನೇ ಹೇಳಿದೀನಿ. ಅದಕ್ಕೇ ಅಲ್ವಾ ನಿಮ್ಮವರು 'ಗಡಸು ನೀರಿಗೂ ಸೂಕ್ತ' ಅಂತ ದಪ್ಪಕ್ಷರದಲ್ಲಿ ಬರ್ದಿರೋ 15 ಲೀಟರ್ ಮಾಡೆಲ್ಲೇ ತಗೊಳ್ಳಿ ಅಂದಿದ್ದು. ಟ್ಯಾಂಕಿಗೆ 5 ವರ್ಷ, ನೀರು ಕಾಯ್ಸೋ ಎಲಿಮೆಂಟ್‌ಗೆ 2 ವರ್ಷ ವಾರಂಟಿ. ಕಾರ್ಡಲ್ಲಿ ಇನ್ನೇನಿದೆ ಅನ್ನೋದು ನಿಮಗೇ ಗೊತ್ತು, ಬರ್ದಿರೋರು ನೀವೇ ತಾನೆ. ಆಮೇಲೆ ಫೋನ್ ಮಾಡಿ, ವಾರಂಟಿಲಿ ಡಿಸ್ಕೇಲಿಂಗ್, ಅಂದ್ರೆ ಒಳಗೆ ಕಟ್ಟಿದ ಸುಣ್ಣ ತೆಗೆಯೋದು, ಬರಲ್ಲ ಸಾರ್, ಎಎಂಸಿ (ವರ್ಷದ ಸರ್ವಿಸ್ ಒಪ್ಪಂದ) ಮಾಡಿಸ್ಕೊಳ್ಳಿ ಅಂದ್ರು. ಅದನ್ನೂ ಮಾಡಿಸ್ದೆ.

ನಾನು ಮೇಟಗಳ್ಳಿ ಕಡೆ ಫ್ಯಾಕ್ಟರಿಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ಮಾಡಿ ರಿಟೈರ್ ಆದವನು ಅನ್ನೋದನ್ನ ಇಲ್ಲೇ ಹೇಳ್ಬಿಡ್ತೀನಿ, ಮುಂದೆ ಬೇಕಾಗುತ್ತೆ.

ಮೊದಲು ನೀರು ಬಿಸಿ ಆಗೋದು ನಿಧಾನ ಆಯ್ತು. 2000 ವ್ಯಾಟ್ ಎಲಿಮೆಂಟ್‌ಗೆ 15 ಲೀಟರ್ ಕಾಯ್ಸೋಕೆ ಇಪ್ಪತ್ತು ನಿಮಿಷ ಸಾಕು, ನಮ್ಮಲ್ಲಿ ಮುಕ್ಕಾಲು ಗಂಟೆ ಆದ್ರೂ ಉಗುರುಬೆಚ್ಚಗೆ. ಆಮೇಲೆ ಒಳಗಿಂದ ಗುಳುಗುಳು ಗಡಗಡ ಸದ್ದು. ಅದೇನು ದೆವ್ವ ಅಲ್ಲ, ಎಲಿಮೆಂಟ್ ಮೇಲೆ ಸುಣ್ಣದ ಪದರ ಕಟ್ಟಿ ಅದರಡಿ ಸಿಕ್ಕೊಂಡ ನೀರು ಕುದಿಯೋ ಸದ್ದು. ಪದರ ದಪ್ಪ ಆದಷ್ಟೂ ಶಾಖ ನೀರಿಗೆ ಹೋಗಲ್ಲ, ಎಲಿಮೆಂಟೇ ಕಾದು ಕಾದು ಮೇಲಿನ ಕೊಳವೆ ಬಿರುಕು ಬಿಡುತ್ತೆ, ನೀರು ಒಳಗೆ ಹೋಗುತ್ತೆ, ಕರೆಂಟ್ ಅರ್ಥ್‌ಗೆ ಲೀಕ್ ಆಗುತ್ತೆ. ನಮ್ಮನೇಲೂ ಅದೇ ಆಯ್ತು ಅಂತ ಕಾಣುತ್ತೆ, ಗೀಸರ್ ಸ್ವಿಚ್ ಹಾಕಿದ ತಕ್ಷಣ ಆರ್‌ಸಿಸಿಬಿ, ಅಂದ್ರೆ ಕರೆಂಟ್ ಲೀಕ್ ಆದ್ರೆ ಲೈನ್ ಕಟ್ ಮಾಡೋ ಟ್ರಿಪ್ಪರ್, ಟ್ರಿಪ್, ಇಡೀ ಮನೆ ಕತ್ತಲೆ.

ಆಗ ಬಂದ ನಿಮ್ಮ ಟೆಕ್ನಿಷಿಯನ್ ಕೊಟ್ಟ ಪರಿಹಾರ ಕೇಳಿ. ಗೀಸರ್ ಚೆನ್ನಾಗೇ ಇದೆ ಸಾರ್, ನಿಮ್ಮ ಟ್ರಿಪ್ಪರ್ ಜಾಸ್ತಿ ಸೂಕ್ಷ್ಮ ಇದೆ, ಗೀಸರ್ ಲೈನ್ ಅದನ್ನ ಬೈಪಾಸ್ ಮಾಡಿಸ್ಬಿಡಿ ಅಂದ. 30 ಮಿಲಿಆಂಪ್ ಲೀಕ್ ಆದ್ರೆ ಕಟ್ ಆಗೋಕೇ ಅಲ್ವೇನ್ರೀ ಅದನ್ನ ಇಟ್ಟಿರೋದು? ಒದ್ದೆ ಮೈಲಿ ಶವರ್ ಕೆಳಗೆ ನಿಲ್ಲೋರು ನಾವು, ನೀವಲ್ಲ. ಬೈಪಾಸ್ ಆಗಲ್ಲ, ಒಳಗೆ ನೋಡಪ್ಪ ಅಂದೆ. ಅಷ್ಟರಲ್ಲಿ ಮೆಡಿಕಲ್ ಸ್ಟೋರಿಂದ ಫೋನ್ ಬಂತು, ಮಾತ್ರೆ ತರೋಕ್ ಹೋದೆ, ವಾಪಸ್ ಬರೋವಷ್ಟರಲ್ಲಿ ನಮ್ಮನೆಯವರ ಹತ್ರ ಓಟಿಪಿ ಈಸ್ಕೊಂಡು ಹೊರಟೇ ಹೋಗಿದ್ದ. ರಿಪೋರ್ಟಲ್ಲಿ 'ಡಿಸ್ಕೇಲಿಂಗ್ ಮಾಡಲಾಗಿದೆ, ಆನೋಡ್ ಓಕೆ'.

ಆನೋಡ್ ಅಂದ್ರೆ ಮೆಗ್ನೀಸಿಯಂ ಸರಳು, ಟ್ಯಾಂಕ್ ತುಕ್ಕು ಹಿಡಿಯೋ ಬದಲು ತಾನು ಸವೆಯುತ್ತೆ. ಅದನ್ನ ನೋಡ್ಬೇಕಂದ್ರೆ ಫ್ಲಾಂಜ್, ಅಂದ್ರೆ ಟ್ಯಾಂಕ್ ಅಡಿ ಬೋಲ್ಟ್ ಹಾಕಿ ಮುಚ್ಚಿರೋ ತಟ್ಟೆ, ಬಿಚ್ಚಲೇಬೇಕು. ನಾನು ಮೇನ್ ಆಫ್ ಮಾಡಿ, ಕೆಳಗಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದೆ. ಫ್ಲಾಂಜ್ ಬೋಲ್ಟು ಒಂದೊಂದರ ಮೇಲೂ ಫ್ಯಾಕ್ಟರಿಯವರು ಎಳೆದ ಹಳದಿ ಪೇಂಟ್ ಗೆರೆ ಬೋಲ್ಟಿಂದ ತಟ್ಟೆ ತನಕ ಹಾಗೇ ನೆಟ್ಟಗಿದೆ. ಸ್ಪ್ಯಾನರ್ ಸೋಕಿದ್ರೆ ಆ ಗೆರೆ ಒಡೀಬೇಕು. ಆದರೂ ಸುಣ್ಣ ಹೋಯ್ತು, ಆನೋಡ್ ಓಕೆ ಅಂತ ಗೊತ್ತಾಯ್ತು! ದಿವ್ಯದೃಷ್ಟಿ ಇರೋ ಹುಡುಗರನ್ನ ಇಟ್ಕೊಂಡಿದೀರ, ಸಂತೋಷ.

ಫೋಟೋ ತೆಗೆದು ಸರ್ವಿಸ್ ಸೆಂಟರ್‌ಗೆ ಹೋದೆ. ಅಲ್ಲಿ ನಡೆದಿದ್ದನ್ನ ಪೂರ್ತಿ ಬರೀತೀನಿ, ನಿಮ್ಮ ಟ್ರೈನಿಂಗ್‌ಗೆ ಬೇಕಾಗಬಹುದು. ಕೌಂಟರ್ ಹುಡುಗ ಇಯರ್‌ಫೋನ್ ಒಂದು ಕಿವೀದು ಮಾತ್ರ ತೆಗ್ದ.

"ಹೇಳಿ ಅಂಕಲ್."

ಹೇಳ್ದೆ. ಫೋಟೋ ತೋರಿಸ್ದೆ. ಅವನು ಗೆರೆ ನೋಡ್ಲಿಲ್ಲ, ಬೆರಳಲ್ಲಿ ಜೂಮ್ ಮಾಡಿ ಪಕ್ಕದಲ್ಲಿ ಬಿಚ್ಚಿಟ್ಟಿದ್ದ ಮುಚ್ಚಳ ನೋಡ್ದ.

"ಇದು ಯಾರು ಬಿಚ್ಚಿದ್ದು?"

"ನಾನೇ."

"ಹಂಗಾದ್ರೆ ವಾರಂಟಿ ಹೋಯ್ತಲ್ಲ ಅಂಕಲ್."

"ಎರಡು ಸ್ಕ್ರೂ ಕಣಪ್ಪ, ಬರೀ ಕವರ್. ನಿಮ್ಮ ಹುಡುಗ ಬಿಚ್ಚಲೇ ಇಲ್ಲ, ಅದನ್ನ ನೋಡು."

ಆಗ ಅವನು ಹಿಂದೆ ಮಿಕ್ಸಿ ಹಿಡ್ಕೊಂಡು ನಿಂತಿದ್ದ ಹೆಂಗಸಿಗೂ ಕೇಳ್ಸೋ ಹಂಗೆ, "ಯೂಟ್ಯೂಬ್ ನೋಡ್ಕೊಂಡು ಇವೆಲ್ಲ ಮಾಡಬಾರದು ಅಂಕಲ್, ಕರೆಂಟ್ ಹೊಡೆಯುತ್ತೆ" ಅಂದ. ಆಯಮ್ಮ ಅಯ್ಯೋ ಪಾಪ ಅನ್ನೋ ಹಂಗೆ ನನ್ನ ನೋಡಿದ್ರು. ಮೂರು ಫೇಸ್ ಪ್ಯಾನಲ್ ಮುಂದೆ ಜೀವಮಾನ ಕಳೆದವನಿಗೆ! ಬಾಯಿಗೆ ಬಂದಿದ್ದನ್ನ ನುಂಗ್ಕೊಂಡು, ಸರಿ, ಎಲಿಮೆಂಟ್ ಆದ್ರೂ ಬದಲಾಯ್ಸಿ, 2 ವರ್ಷ ಇನ್ನೂ ಆಗಿಲ್ಲ ಅಂದೆ. "ನಿಮ್ಮ ನೀರು ಗಡಸು ಅಂಕಲ್, ಕಂಪನಿ ಏನ್ ಮಾಡುತ್ತೆ" ಅಂದು ಇಯರ್‌ಫೋನ್ ವಾಪಸ್ ಹಾಕ್ಕೊಂಡ.

ಕಂಪನಿ ಏನ್ ಮಾಡುತ್ತೆ ಅಂದ್ರೆ, ಗಡಸು ನೀರಿಗೆ ಸೂಕ್ತ ಅಂತ ಮಾರುತ್ತೆ, ಸುಣ್ಣ ತೆಗಿಯೋಕೆ ಬೇರೆ ದುಡ್ಡು ಇಸ್ಕೊಳ್ಳುತ್ತೆ, ತೆಗೆಯಲ್ಲ, ಕೊನೆಗೆ ನೀರು ಗಡಸು ಅನ್ನುತ್ತೆ. ನಮ್ಮಜ್ಜಿ ಕಾಲದ ತಾಮ್ರದ ಹಂಡೆಗೆ ವಾರಂಟಿ ಕಾರ್ಡೂ ಇರ್ಲಿಲ್ಲ, ಈ ನಾಟಕನೂ ಇರ್ಲಿಲ್ಲ. ಈಗ ಸೇಫ್ಟಿ ವಾಲ್ವ್ ಬೇರೆ ಸೋರ್ತಿದೆ. ನೀರು ಕಾಯುವಾಗ ನಾಲ್ಕು ಹನಿ ಬಿದ್ರೆ ತಪ್ಪಲ್ಲ ಬಿಡಿ, ಆದ್ರೆ ಸ್ವಿಚ್ ಆಫ್ ಇದ್ದಾಗ್ಲೂ ತೊಟ್ಟಿಕ್ತಾನೇ ಇದ್ರೆ ಅದರೊಳಗೂ ಸುಣ್ಣ ಸಿಕ್ಕೊಂಡಿರ್ಬೇಕು. ನಲ್ಲಿಲಿ ಕಂದು ನೀರು ಬರೋಕೂ ಶುರುವಾಗಿದೆ, ಆನೋಡ್ ಎಷ್ಟು ಓಕೆ ಇದೆ ಅಂತ ನೀವೇ ಲೆಕ್ಕ ಹಾಕ್ಕೊಳ್ಳಿ.

ಎಲಿಮೆಂಟ್, ಆನೋಡ್, ವಾಲ್ವ್ ಬದಲಾಯ್ಸಿ, ಟ್ಯಾಂಕ್ ಒಳಗೆ ನನ್ನ ಕಣ್ಮುಂದೆ ತೋರಿಸಿ, ಎಎಂಸಿ ದುಡ್ಡು ವಾಪಸ್ ಕೊಡಿ. ಹಳದಿ ಗೆರೆ ಇರೋ ಬೋಲ್ಟನ್ನ ನಾನು ಮುಟ್ಟಲ್ಲ, ಅದು ಸಾಕ್ಷಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಲಿ ನಾನಿರೋ ಜಿಲ್ಲೆ ಆಯೋಗದಲ್ಲೇ ಕೇಸ್ ಹಾಕಬಹುದು, 5 ಲಕ್ಷದವರೆಗೆ ಫೀಸೂ ಇಲ್ಲ. ನಿಮ್ಮ ಹೆಡ್ ಆಫೀಸ್ ಊರಿಗೆ ನಾನು ಬರಬೇಕಿಲ್ಲ, ನೀವೇ ಮೈಸೂರಿಗೆ ಬರಬೇಕು. ಗ್ರಾಹಕರ ಸಹಾಯವಾಣಿ 1915ಕ್ಕೂ ಫೋನ್ ಮಾಡ್ತೀನಿ, ರಿಟೈರ್ ಆದವನು, ಟೈಮಿದೆ. ಬೈಪಾಸ್ ಮಾಡಿ ಅಂದಿದ್ದನ್ನ ಕೇಸಲ್ಲಿ ಮೊದಲನೇ ಸಾಲಲ್ಲೇ ಬರೀತೀನಿ.

ಅಲ್ಲೀತನಕ ಕಾಯೋಕೆ ಆಗ್ಲಿಲ್ಲ ಅಂದ್ರೆ ಈ ಗೀಸರ್ನ ಗೂಡ್ಸ್ ಆಟೋಲಿ ಹಾಕ್ಕೊಂಡು ಬಂದು ನಿಮ್ಮ ಷೋರೂಂ ಬಾಗಿಲಲ್ಲಿ, ದಸರಾ ಆಫರ್ ಬ್ಯಾನರ್ ಕೆಳಗೇ ಇಟ್ಕೊಂಡು ಕೂತ್ಕೋತೀನಿ. ಬಂದೋರಿಗೆಲ್ಲ ಆ ಹಳದಿ ಗೆರೆ ತೋರಿಸ್ತೀನಿ. ಟಾರ್ಚ್ ನಂದೇ ಇದೆ.

ಇಂತಿ,
ನಿಮ್ಮ 'ಅಂಕಲ್'