ಒಂಬತ್ತನೇ ತರಗತಿಯ ಮಕ್ಕಳು ಕಟ್ಟುತ್ತಿರುವ ಕೋಣೆ: ಪೋಷಕರಿಗೆ ಪತ್ರ

ಸಕಲೇಶಪುರ

ಪೋಷಕರಿಗೆ ನಮಸ್ಕಾರ.

ಮಕ್ಕಳ ಯೂನಿಫಾರ್ಮ್ ಮೇಲೆ ಕೆಮ್ಮಣ್ಣಿನ ಕಲೆ ನೋಡಿ ಕೆಲವರು ಫೋನ್ ಮಾಡಿದ್ದಿರಿ. ಒಂಬತ್ತನೇ ತರಗತಿಯವರು ಶಾಲೆಯ ಹಿಂದೆ ಒಂದು ಕೋಣೆ ಕಟ್ಟುತ್ತಿದ್ದಾರೆ. ಮೊದಲೇ ತಿಳಿಸಬೇಕಿತ್ತು, ತಪ್ಪು ನನ್ನದೇ.

ನಮ್ಮಲ್ಲಿ ಎಸ್ಟೇಟಿನ ಲೈನ್ ಮನೆಗಳಿಂದ, ಅಂದರೆ ತೋಟದ ಕೆಲಸಗಾರರ ಸಾಲು ಮನೆಗಳಿಂದ ಬರುವ ಮಕ್ಕಳು ಜಾಸ್ತಿ. ತೋಟ ಬದಲಾದರೆ ಮನೆಯೂ ಬದಲು. "ಮಿಸ್, ಮನೇನೂ ಬಿಚ್ಚಿ ತಗೊಂಡ್ ಹೋಗೋಕಾಗಲ್ವಾ?" ಎಂದು ಒಬ್ಬಳು ಕೇಳಿದಳು. ಶುರುವಾದದ್ದು ಅಲ್ಲಿಂದ. ಬಿಡಿ ಭಾಗ ಮಾಡಿಕೊಂಡು ಬೋಲ್ಟ್ ಹಾಕಿ ಜೋಡಿಸುವ ಇಂಥ ಮನೆಗೆ ಮಾಡ್ಯುಲರ್ ಮನೆ ಅಂತಾರೆ.

ಲೆಕ್ಕ ಮಕ್ಕಳದೇ. ಒಂದೊಂದು ಚೌಕಟ್ಟು 4 ಅಡಿ ಅಗಲ, 8 ಅಡಿ ಎತ್ತರ. ಅಂಥವು 10 ಸೇರಿದರೆ 12 ಅಡಿಗೆ 8 ಅಡಿಯ ಕೋಣೆ. ಚೌಕಟ್ಟು ಸಿಲ್ವರ್ ಓಕ್ ಮರದ್ದು, ನಡುವೆ ಬಿದಿರಿನ ತಡಿಕೆ, ಮೇಲೆ ಮಣ್ಣು. ಸಾಗಿಸುವಾಗ ಮಣ್ಣು ಉದುರಿದರೆ ನೆನೆಸಿ ಮತ್ತೆ ಮೆತ್ತಬಹುದು. ಸಿಮೆಂಟಿಗೆ ಆ ಗುಣ ಇಲ್ಲ ನೋಡಿ.

ಎಡವಿದ್ದೂ ಉಂಟು. ಮೊದಲು ಮೆತ್ತಿದ ಮಣ್ಣು ಒಣಗಿ ಬಿರುಕು ಬಿಟ್ಟಿತು. ಬಾಟಲಿಯಲ್ಲಿ ಮಣ್ಣು, ನೀರು ಹಾಕಿ ಕುಲುಕಿ ಇಟ್ಟರು. ತಳದಲ್ಲಿ ಕೂತ ಮರಳು ತೀರಾ ಕಡಿಮೆ, ಮೇಲೆ ಬರೀ ಜೇಡಿ. ಜೇಡಿ ಒಣಗಿದರೆ ಕುಗ್ಗುತ್ತದೆ. ಒಬ್ಬ ಹುಡುಗನ ಅಜ್ಜಿ ಬಂದು ಮರಳು, ಕತ್ತರಿಸಿದ ಭತ್ತದ ಹುಲ್ಲು, ಸಗಣಿ ಸೇರಿಸಿ ಕಲಸಿ ತೋರಿಸಿದರು. ಆಮೇಲೆ ಬಿರುಕಿಲ್ಲ. ಇನ್ನೊಂದು ಪೆಟ್ಟು ಬೋಲ್ಟಿನದು. ಅಂದಾಜಿನಲ್ಲಿ ಕೊರೆದ ತೂತುಗಳು ಒಂದಕ್ಕೊಂದು ಕೂಡಲಿಲ್ಲ. ಈಗ ಒಂದೇ ಅಳತೆಪಟ್ಟಿ ಇಟ್ಟು ಎಲ್ಲವನ್ನೂ ಕೊರೆಯುತ್ತಾರೆ. ಯಾವ ಚೌಕಟ್ಟು ಎಲ್ಲಿಟ್ಟರೂ ಕೂರುತ್ತದೆ.

ಬಿದಿರಿಗೆ ಹುಳ ಬೀಳದಂತೆ ಬೋರಿಕ್ ಆಮ್ಲ, ಬೋರಾಕ್ಸ್ ಬೆರೆಸಿದ ನೀರಿನಲ್ಲಿ ನೆನೆಸಿದ್ದೇವೆ. ಆ ಕೆಲಸ ಶಿಕ್ಷಕರದು, ಮಕ್ಕಳು ಮುಟ್ಟಿಲ್ಲ. ಮಳೆ ನೀರು ಬಿದ್ದರೆ ಆ ಔಷಧಿ ತೊಳೆದುಹೋಗುತ್ತದೆ. ನಮ್ಮೂರಿನ ಎರಚಲು ಗೊತ್ತಲ್ಲ! ಅದಕ್ಕೇ ಸೂರು ಉದ್ದ ಬಿಟ್ಟು, ಕಲ್ಲಿನ ಪಾಯ ಎತ್ತರಿಸಿದ್ದೇವೆ.

"ಇದರಲ್ಲಿ ಯಾರು ಇರ್ತಾರೆ?" ಎಂದು ಒಬ್ಬರು ಕೇಳಿದರು. ಸದ್ಯಕ್ಕೆ ಯಾರೂ ಇಲ್ಲ, ಪುಸ್ತಕ ಓದುವ ಕೋಣೆ ಅಷ್ಟೇ. ಒಂದು ಮಳೆಗಾಲ ತಡೆಯಲಿ, ಆಮೇಲೆ ವಾಸದ ಮಾತು.

ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಕೆಲಸ. ಆನೆ ಓಡಾಡುವ ದಾರಿಯ ಮಕ್ಕಳಿರುವುದರಿಂದ 3 ಗಂಟೆಗೆ ಬಿಟ್ಟುಬಿಡುತ್ತೇವೆ. ಎಸ್ಸೆಸ್ಸೆಲ್ಸಿ ಮಕ್ಕಳನ್ನು ಸೇರಿಸಿಲ್ಲ. ಹಣ ಕೇಳುವುದಿಲ್ಲ, ಬಿಲ್ಲುಗಳನ್ನು ನೋಟೀಸ್ ಬೋರ್ಡಿಗೆ ಅಂಟಿಸಿದ್ದೇವೆ.

ಕಾಫಿ ಕೊಯ್ಲಿನ ಕಾಲ, ನಿಮಗೆ ಬಿಡುವಿಲ್ಲ ಎಂದು ಗೊತ್ತು. ಆದರೂ ಮರಗೆಲಸ, ಗಾರೆ ಕೆಲಸ ಬಲ್ಲವರು ಒಂದು ಶನಿವಾರ ಬಂದರೆ ದೊಡ್ಡ ಉಪಕಾರ. ಮನೆಯಲ್ಲಿ ಹಳೇ ಮಂಗಳೂರು ಹೆಂಚು ಸುಮ್ನೆ ಬಿದ್ದಿದ್ದರೆ ತಿಳಿಸಿ. ಮಕ್ಕಳ ಹತ್ತಿರ ಒಂದು ಹಳೇ ಅಂಗಿ, ಮುಚ್ಚಿದ ಚಪ್ಪಲಿ ಅಥವಾ ಶೂ ಕಳಿಸಿ. ಒಪ್ಪಿಗೆ ಚೀಟಿಗೆ ಸಹಿ ಮಾಡಿ ಶುಕ್ರವಾರದೊಳಗೆ ಕೊಡಿ. ಚೀಟಿ ತಾರದವರ ಕೈಗೆ ಗರಗಸ ಕೊಡುವುದಿಲ್ಲ.

ಇಂತಿ,
ಮುಖ್ಯ ಶಿಕ್ಷಕಿ